ಕತ್ತಲೆ ಬಾರದ ರಾತ್ರಿ

ಅಕ್ಕಂದಿರೇ, ನಾವು ತಾರೀಕು ಬರೆಯಲು ಕಲಿತಿದ್ದೇವೆ. ದಿನ, ತಿಂಗಳು, ವರ್ಷ. ಅವಸರವಿದ್ದಾಗ ವರ್ಷಕ್ಕೆ ಎಷ್ಟು ಅಂಕಿ ಬರೆಯುತ್ತೇವೆ? ಎರಡೇ, ಅಲ್ವಾ? 1999 ಅನ್ನೋದಕ್ಕೆ 99 ಅಂತ ಬರೆದರೂ ಓದುವವರಿಗೆ ತಿಳಿಯುತ್ತಿತ್ತು.

ಕಂಪ್ಯೂಟರಿಗೂ ಜನ ಹೀಗೇ ಕಲಿಸಿದ್ದರು. ಹಿಂದೆ ಕಂಪ್ಯೂಟರಿನಲ್ಲಿ ಲೆಕ್ಕ ಇಡುವ ಜಾಗ ಬಹಳ ಕಡಿಮೆ ಇತ್ತು. ಆ ಜಾಗಕ್ಕೆ ಖರ್ಚೂ ಬಹಳ. ಎರಡು ಅಂಕಿ ಬಿಟ್ಟರೆ ಅಷ್ಟು ಉಳಿಯಿತು ಎಂದುಕೊಂಡರು.

ಆದರೆ 99 ಆದ ಮೇಲೆ ಏನು ಬರ್ತದೆ? 00. ಅದು 2000 ಎಂದು ನಮಗೆ ಗೊತ್ತು. ಕಂಪ್ಯೂಟರು ಅದನ್ನು 1900 ಎಂದು ತಿಳಿದರೆ?

ಒಂದು ಲೆಕ್ಕ ಮಾಡೋಣ. ಒಬ್ಬಾಕೆ 1965ರಲ್ಲಿ ಹುಟ್ಟಿದಳು. 1999ರಲ್ಲಿ ಅವಳ ವಯಸ್ಸೆಷ್ಟು? 99ರಲ್ಲಿ 65 ಕಳೆಯಿರಿ. 34 ವರ್ಷ. ಸರಿ. 2000ದಲ್ಲಿ? 00ರಲ್ಲಿ 65 ಕಳೆಯೋದು ಹೇಗೆ? 35 ವರ್ಷದ ಹೆಂಗಸು ಈ ಲೆಕ್ಕದಲ್ಲಿ ಇನ್ನೂ ಹುಟ್ಟಿಯೇ ಇಲ್ಲ!

ಈ ತೊಂದರೆಗೆ ವೈ ಟು ಕೆ ಎಂಬ ಹೆಸರು ಬಂತು.

ಕರೆಂಟಿಗೂ ಇದಕ್ಕೂ ಏನು ಸಂಬಂಧ?

ರಾಗಿಯನ್ನು ಕಣಜದಲ್ಲಿ ತುಂಬಿಡಬಹುದು. ನಾಡಿಗೆಲ್ಲ ಬೇಕಾಗುವ ಕರೆಂಟನ್ನು ಹಾಗೆ ತುಂಬಿಡುವುದು ಕಷ್ಟ. ಜನ ಬಳಸುವಷ್ಟನ್ನು ಆ ಗಳಿಗೆಯಲ್ಲೇ ತಯಾರಿಸಬೇಕು. ಹೆಚ್ಚುಕಡಿಮೆ ಆದರೆ ದೂರದ ಊರುಗಳಿಗೂ ಕತ್ತಲೆ ಹರಡಬಹುದು. ಇದನ್ನು ಕಾಯಲು ದೊಡ್ಡ ಕಚೇರಿಗಳಿವೆ. ಅಲ್ಲಿ ಕಂಪ್ಯೂಟರುಗಳಿವೆ. 1999ರ ಡಿಸೆಂಬರ್ 31ರ ನಡುರಾತ್ರಿ ಅವು ದಾರಿ ತಪ್ಪಿದರೆ ಗತಿಯೇನು? ಆಸ್ಪತ್ರೆ, ಕುಡಿಯುವ ನೀರು, ಟೆಲಿಫೋನು, ಎಲ್ಲಕ್ಕೂ ಕರೆಂಟು ಬೇಕು.

ಅಮೆರಿಕದಲ್ಲಿ ಏನು ಮಾಡಿದರು?

ಅಮೆರಿಕ ಮತ್ತು ಕೆನಡಾ ದೇಶಗಳ ವಿದ್ಯುತ್ ಜಾಲವನ್ನು ನೋಡಿಕೊಳ್ಳಲು ನೆರ್ಕ್ ಎಂಬ ಸಂಸ್ಥೆ ಇದೆ. 1998ರ ಮೇ ತಿಂಗಳಲ್ಲಿ ಅಮೆರಿಕದ ಇಂಧನ ಇಲಾಖೆ ಈ ಕೆಲಸದ ಉಸ್ತುವಾರಿಯನ್ನು ಅದಕ್ಕೆ ಒಪ್ಪಿಸಿತು. ಮುಖ್ಯ ಯಂತ್ರಗಳೆಲ್ಲ 1999ರ ಜೂನ್ 30ರೊಳಗೆ ಸಿದ್ಧವಾಗಬೇಕು ಎಂದು ಗಡುವು ಇಟ್ಟರು.

ಮೊದಲು ಪಟ್ಟಿ ಮಾಡಿದರು. ಯಾವ ಯಂತ್ರದಲ್ಲಿ ತಾರೀಕಿನ ಲೆಕ್ಕ ಇದೆ? ತಂತಿಗೂ ಕಂಬಕ್ಕೂ ತಾರೀಕು ಬೇಕಿಲ್ಲ. ಎಷ್ಟೋ ಯಂತ್ರಗಳಿಗೂ ಬೇಕಿರಲಿಲ್ಲ. ಆದರೆ ನೋಡದೆ ಹೇಳುವುದು ಹೇಗೆ? ಒಂದೊಂದನ್ನೂ ನೋಡಿದರು.

ಆಮೇಲೆ ಪರೀಕ್ಷೆ ಮಾಡಿದರು. ಯಂತ್ರದ ತಾರೀಕನ್ನು ಮುಂದಕ್ಕೆ ತಿರುಗಿಸಿದರು. 2000 ಬಂದೇ ಬಿಟ್ಟಿದೆ ಎಂದು ಅದನ್ನು ನಂಬಿಸಿದರು. ತಪ್ಪಿದ್ದನ್ನು ತಿದ್ದಿದರು. ತಿದ್ದಲಾಗದ್ದನ್ನು ಬದಲಾಯಿಸಿದರು.

ಕೊನೆಗೆ ಅಣಕು ತಾಲೀಮು. 1999ರ ಏಪ್ರಿಲ್ 9ರಂದು ಒಂದು ತಾಲೀಮು ನಡೆಯಿತು. ಟೆಲಿಫೋನು ಕೆಟ್ಟರೆ ಕರೆಂಟನ್ನು ಹೇಗೆ ನಡೆಸೋದು ಎಂದು ಅಭ್ಯಾಸ ಮಾಡಿದರು. ಸೆಪ್ಟೆಂಬರ್ 8 ಮತ್ತು 9ರಂದು ಇನ್ನೊಂದು ತಾಲೀಮು ಮಾಡಿದರು.

ಆ ವರ್ಷಗಳಲ್ಲಿ ಹೊರದೇಶದ ಬ್ಯಾಂಕು, ಕಂಪನಿಗಳ ಹಳೆಯ ಕಂಪ್ಯೂಟರ್ ಲೆಕ್ಕಗಳನ್ನು ತಿದ್ದುವ ಕೆಲಸ ಭಾರತಕ್ಕೂ ಬಂತು. ನಮ್ಮ ಬೆಂಗಳೂರಿನ ಹುಡುಗ ಹುಡುಗಿಯರೂ ಸಾಲು ಸಾಲಾಗಿ ಓದಿ ತಪ್ಪು ಹುಡುಕಿ ತಿದ್ದಿದರು.

ಆ ರಾತ್ರಿ ಏನಾಯಿತು?

ಹೊಸ ವರ್ಷ ಅಮೆರಿಕಕ್ಕಿಂತ ಮೊದಲು ನ್ಯೂಜಿಲೆಂಡಿಗೆ ಬರ್ತದೆ. ಅಲ್ಲಿ ದೀಪ ಆರಲಿಲ್ಲ. ಜಪಾನಿನ ಇಶಿಕಾವಾ ಎಂಬಲ್ಲಿ ಅಣು ವಿದ್ಯುತ್ ಕೇಂದ್ರದ ಒಂದು ಅಳತೆಯ ಉಪಕರಣ ಕೆಟ್ಟಿತು. ಜನರಿಗೆ ಅಪಾಯ ಆಗಲಿಲ್ಲ. ಅಮೆರಿಕದಲ್ಲಿ ಕೆಲಸಗಾರರು ರಾತ್ರಿಯಿಡೀ ಎಚ್ಚರವಿದ್ದು ಕಾದರು. ಗಡಿಯಾರ ಹನ್ನೆರಡು ಹೊಡೆಯಿತು. ಈ ತಪ್ಪಿನಿಂದ ಅಲ್ಲಿ ಯಾರ ಮನೆಯ ದೀಪವೂ ಆರಲಿಲ್ಲ.

ಆಗ ಕೆಲವರು ನಕ್ಕರು. "ಏನೂ ಆಗಲಿಲ್ಲವಲ್ಲ, ಸುಮ್ಮನೆ ಹೆದರಿಸಿದರು" ಎಂದರು. ಭಯವನ್ನು ಹೆಚ್ಚು ಮಾಡಿ ಹೇಳಿದವರೂ ಇದ್ದರು, ನಿಜ. ಆದರೆ ಪರೀಕ್ಷೆಯಲ್ಲಿ ಸಿಕ್ಕ ತಪ್ಪುಗಳು ಸುಳ್ಳಲ್ಲ. ಅವನ್ನು ಮೊದಲೇ ತಿದ್ದಿದ್ದರು.

ಇದು ನಮಗೆ ಹೊಸದಲ್ಲ. ಮಳೆಗೆ ಮುಂಚೆ ಹೆಂಚು ಕೈಯಾಡಿಸುತ್ತೇವೆ. ಮನೆ ಸೋರುವುದಿಲ್ಲ. ಮಗುವಿಗೆ ಲಸಿಕೆ ಹಾಕಿಸುತ್ತೇವೆ. ಕಾಯಿಲೆ ಬರುವುದಿಲ್ಲ. ನೀರು ಕಾಯಿಸಿ ಕುಡಿಸುತ್ತೇವೆ. ಭೇದಿ ಆಗುವುದಿಲ್ಲ. "ಏನೂ ಆಗಲಿಲ್ಲ" ಅನ್ನುವ ದಿನದ ಹಿಂದೆ ಯಾರದೋ ದುಡಿಮೆ ಇರುತ್ತದೆ. ಆ ದುಡಿಮೆ ಕಣ್ಣಿಗೆ ಕಾಣೋದಿಲ್ಲ. ನಮ್ಮ ಮನೆಗಳಲ್ಲಿ ಅದು ಯಾರ ದುಡಿಮೆ? ಯೋಚಿಸಿ.

ಓದಿ, ಮಾತಾಡಿ, ಬರೆಯಿರಿ

1. ಕಂಪ್ಯೂಟರಿಗೆ 00 ಕಂಡರೆ ಏನು ತೊಂದರೆ?
2. ಅಮೆರಿಕದವರು ಮೊದಲು ಏನು ಮಾಡಿದರು? ಆಮೇಲೆ ಏನು ಮಾಡಿದರು?
3. ತೊಂದರೆ ಬರುವ ಮುಂಚೆಯೇ ನೀವು ಮಾಡುವ ಮೂರು ಕೆಲಸ ಬರೆಯಿರಿ.
4. ಇವತ್ತಿನ ತಾರೀಕು ಬರೆಯಿರಿ. ವರ್ಷಕ್ಕೆ ನಾಲ್ಕೂ ಅಂಕಿ ಇರಲಿ. ಸಂಘದ ಪುಸ್ತಕದಲ್ಲಿ, ಸಾಲದ ಪತ್ರದಲ್ಲಿ ರುಜು ಹಾಕುವಾಗಲೂ ಹೀಗೇ ಬರೆಯಿರಿ.