ಇಂದಿನ ಚಿಂತನೆ: ‘ರೈಟ್’ ಎಂದರೆ ಯಾವ ರೈಟ್?



ಕಂಡಕ್ಟರ್ ‘ರೈಟ್ ರೈಟ್’ ಎಂದರೆ ಬಸ್ಸು ಹೊರಡಬೇಕು. ಮೇಷ್ಟ್ರು ರೈಟ್ ಹಾಕಿದರೆ ಉತ್ತರ ಸರಿ. ಆಟೋದವರಿಗೆ ಹೇಳಿದರೆ ಬಲಕ್ಕೆ ತಿರುಗು ಅಂತ. ಸಂವಿಧಾನದ 3ನೇ ಭಾಗದಲ್ಲಿ ಅದೇ ಪದ ಹಕ್ಕು.

ಮೂಲ ಹಳೆಯ ಇಂಗ್ಲಿಷಿನ ‘ರಿಹ್ಟ್’. ನೇರವಾದದ್ದು, ನ್ಯಾಯವಾದದ್ದು ಎಂದರ್ಥ. ಬಲಗೈ ಎಂಬ ಅರ್ಥ ಆಮೇಲೆ ಸೇರಿತು. ಹೆಚ್ಚು ಜನ ಬಳಸುವ ಕೈಯೇ ‘ಸರಿಯಾದ ಕೈ’ ಆಯಿತು. ‘ಲೆಫ್ಟ್’ಗೆ ಹಿಂದೆ ದುರ್ಬಲ ಎಂಬ ಅರ್ಥವಿತ್ತು. ನಮ್ಮ ‘ಬಲ’ವೂ ಕಡಿಮೆಯದಲ್ಲ, ದಿಕ್ಕೂ ಅದೇ, ಶಕ್ತಿಯೂ ಅದೇ!

ಅಷ್ಟಾಂಗ ಮಾರ್ಗದ ಮೊದಲ ಅಂಗವನ್ನು ಇಂಗ್ಲಿಷಿನಲ್ಲಿ ‘ರೈಟ್ ವ್ಯೂ’ ಎನ್ನುತ್ತಾರೆ. ಪಾಳಿಯಲ್ಲಿ ಸಮ್ಮಾ ದಿಟ್ಠಿ. ಸಮ್ಮಾ ಎಂದರೆ ಸಂಸ್ಕೃತದ ಸಮ್ಯಕ್: ಸರಿಯಾಗಿ, ಪೂರ್ಣವಾಗಿ. ‘ಸಮ್ಮಾಸಂಬುದ್ಧಸ್ಸ’ ಎನ್ನುವಾಗಲೂ ಅದೇ ಸಮ್ಮಾ. ಅಲ್ಲಿ ಪೂರ್ಣವಾಗಿ ಅರಿತವನು ಎಂದು ಅರ್ಥ ಹೇಳುತ್ತೇವೆ. ಒಂದು ಬದಿ ಮಾತ್ರ ಕಾಣುವ ನೋಟ ಸಮ್ಮಾ ಆಗದು.

‘ರೈಟ್’ನ ನಿಜವಾದ ನೆಂಟ ಪಾಳಿಯಲ್ಲಿ ಬೇರೆ ಇದೆ. ಸಂಸ್ಕೃತದ ‘ಋಜು’ ಇದೇ ಬೇರಿನದು ಎನ್ನುತ್ತಾರೆ ಭಾಷಾವಿಜ್ಞಾನಿಗಳು. ಪಾಳಿಯಲ್ಲಿ ಅದು ‘ಉಜು’. ಸಂಘ ವಂದನೆಯಲ್ಲಿ ‘ಉಜುಪಟಿಪನ್ನೋ’ ಎನ್ನುತ್ತೇವಲ್ಲ, ನೇರ ದಾರಿಯಲ್ಲಿ ನಡೆಯುವವರು ಎಂದು, ಅಲ್ಲಿ ಕೂತಿರುವುದು ಈ ಪದವೇ.

ಇಷ್ಟೆಲ್ಲ ಯಾಕೆ ಬರೆದೆ ಎಂದರೆ, ನಮ್ಮ ಕರ್ನಾಟಕದಲ್ಲಿ ಇದಕ್ಕೆ ನಿಘಂಟಿನಲ್ಲಿ ಸಿಗದ ಇನ್ನೊಂದು ಅರ್ಥವಿದೆ. ಹೊಸಬರು ಸಿಕ್ಕರೆ ಮೆಲ್ಲಗೆ ಕೇಳುತ್ತೇವೆ: ‘ನೀವು ಲೆಫ್ಟಾ, ರೈಟಾ?’ ರಾಜಕೀಯದ್ದಲ್ಲ, ಎಡಗೈ ಬಲಗೈ. ದಕ್ಷಿಣ ಭಾರತದ ಎಷ್ಟೋ ಜಾತಿಗಳನ್ನು ಎರಡು ಕೈಗಳಾಗಿ ಹಂಚಿದ ಆ ಪದ್ಧತಿ ಶತಮಾನಗಳ ಹಳೆಯದು. ಒಂದು ಕಾಲಕ್ಕೆ ವ್ಯಾಪಾರಿಗಳು, ಕುಶಲಕರ್ಮಿಗಳೂ ಅದರಲ್ಲಿದ್ದರು. ಅವರು ಮರೆತರು. ನಮ್ಮ ಕೇರಿಗಳಲ್ಲಿ ಉಳಿಯಿತು.

ಒಳಮೀಸಲಾತಿಯಲ್ಲಿ ಯಾರಿಗೆ ಎಷ್ಟು ಸಿಕ್ಕಿದೆ ಎಂದು ತಿಳಿಯಲು ಈ ಭೇದವನ್ನು ಬಾಯಿಬಿಟ್ಟು ಹೇಳಲೇಬೇಕು. ಅದು ಹಕ್ಕಿನ ಪ್ರಶ್ನೆ, ಕೇಳುವವರ ಮೇಲೆ ಸಿಟ್ಟಾಗುವುದು ಸರಿಯಲ್ಲ. ಆದರೆ ದೀಕ್ಷೆ ಪಡೆದ ಮನೆಯಲ್ಲಿ ಸಂಬಂಧ ನೋಡುವಾಗಲೂ ಇದೇ ಪ್ರಶ್ನೆ ಬರುತ್ತದಲ್ಲ? 1956ರ ಅಕ್ಟೋಬರ್‌ನಲ್ಲಿ ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ 9ನೆಯದನ್ನು, ಎಲ್ಲ ಮನುಷ್ಯರೂ ಸಮಾನರು ಎಂಬುದನ್ನು, ಆ ಮನೆಯವರೂ ಹೇಳಿದವರೇ.

ಭಾನುವಾರ ವಂದನೆ ಮುಗಿದ ಮೇಲೆ ಇದನ್ನೇ ಮಾತಾಡೋಣ. ಆ ಪ್ರಶ್ನೆ ಕೇಳಿದವರೂ ಬನ್ನಿ, ಕೇಳಿಸಿಕೊಂಡವರೂ ಬನ್ನಿ.