ಸಂಶೋಧನಾ ಯೋಜನೆಯ ಜಾಲತಾಣ: ನವೀಕರಣ ಮತ್ತು ನಿರ್ವಹಣೆ



ಮಂಡ್ಯದ ವಿ.ಸಿ. ಫಾರಂ ನಿಮಗೆ ಹೊಸದಲ್ಲ. ಭಾರತದ ಮತ್ತು ಆಫ್ರಿಕಾದ ರಾಗಿಗಳನ್ನು ಸಂಕರಗೊಳಿಸಿ ಶ್ರೀ ಲಕ್ಷ್ಮಣಯ್ಯನವರು ಇಂಡಾಫ್ ತಳಿಗಳನ್ನು ರೂಪಿಸಿದುದು ಇಲ್ಲಿಯೇ. 1996ರಲ್ಲಿ ಬಿಡುಗಡೆಯಾದ ಕೆ.ಆರ್.ಎಚ್.-2 ಹೈಬ್ರಿಡ್ ಭತ್ತವೂ ಇಲ್ಲಿಯದೇ. ಸರ್ಕಾರದ ಅನುದಾನದಿಂದ ನಡೆಯುವ ಇಂತಹ ಸಂಶೋಧನೆಗಳ ಫಲ ಹಿಂದೆ ಕರಪತ್ರ, ಕೈಪಿಡಿ ಮತ್ತು ಪ್ರಾತ್ಯಕ್ಷಿಕೆಗಳ ಮೂಲಕ ನಿಮ್ಮನ್ನು ಮುಟ್ಟುತ್ತಿತ್ತು. ಈಗ ಜಾಲತಾಣದ, ಅಂದರೆ ವೆಬ್‌ಸೈಟಿನ ಮೂಲಕ ಮೊಬೈಲಿಗೇ ಬರುತ್ತದೆ. ಆದುದರಿಂದ ಅದನ್ನು ಹೇಗೆ ಕಟ್ಟಬೇಕು, ಹೇಗೆ ಕಾಯ್ದುಕೊಳ್ಳಬೇಕು ಎಂಬುದನ್ನು ಬೇಸಾಯಗಾರರೂ ತಿಳಿದಿರುವುದು ಒಳ್ಳೆಯದು. ಏಕೆಂದರೆ ಪುಟದ ತಪ್ಪಿಗೆ ಬೆಲೆ ತೆರುವವರು ನೀವೇ.

ಕೆಲವು ವರ್ಷಗಳ ಹಿಂದೆ ಮಳವಳ್ಳಿ ತಾಲ್ಲೂಕಿನ ರೈತರೊಬ್ಬರು ಜಾಲತಾಣವೊಂದರಲ್ಲಿ ಕಂಡ ಶಿಫಾರಸನ್ನು ಚೀಟಿಯಲ್ಲಿ ಬರೆದುಕೊಂಡು ನನ್ನ ಬಳಿ ಬಂದರು. ಭತ್ತದ ಸಸಿಮಡಿಗೆ ಫೋರೇಟ್ ಹರಳು ಹಾಕಬೇಕೆಂದು ಅದರಲ್ಲಿತ್ತು. 2018ರ ಆದೇಶದ ಪ್ರಕಾರ ಈ ಕೀಟನಾಶಕವನ್ನು 2020ರ ಡಿಸೆಂಬರ್ 31ರಿಂದ ದೇಶದಲ್ಲಿ ನಿಷೇಧಿಸಲಾಗಿದೆ. ಪುಟ ಬರೆದವರು ತಪ್ಪು ಬರೆದಿರಲಿಲ್ಲ. ಬರೆದ ಕಾಲಕ್ಕೆ ಅದು ಸರಿಯೇ ಆಗಿತ್ತು. ಆದರೆ ಬರೆದ ವರ್ಷ ಪುಟದಲ್ಲಿ ಇರಲಿಲ್ಲ. ಅದನ್ನು ತೆಗೆದುಹಾಕುವ ಹೊಣೆಯೂ ಯಾರ ಮೇಲೂ ಇರಲಿಲ್ಲ.

ಪುಟಗಳು ಹಳತಾಗುವ ಬಗೆ

1. ಔಷಧಿ: ಎಂಡೋಸಲ್ಫಾನ್ 2011ರಲ್ಲಿ ನಿಂತಿತು. ಮಾನೋಕ್ರೋಟೋಫಾಸ್ ಶೇ. 36ರ ದ್ರಾವಣವನ್ನು ನಿಲ್ಲಿಸುವ ಆದೇಶ 2023ರಲ್ಲಿ ಹೊರಟಿತು. ಹಳೆಯ ಶಿಫಾರಸುಗಳಲ್ಲಿ ಈ ಹೆಸರುಗಳು ಈಗಲೂ ಕಣ್ಣಿಗೆ ಬೀಳಬಹುದು.

2. ಅಳತೆ: 2018ರಿಂದ ಯೂರಿಯಾ ಮೂಟೆ 50 ಕಿ.ಗ್ರಾಂ.ನಿಂದ 45 ಕಿ.ಗ್ರಾಂ.ಗೆ ಇಳಿಯಿತು. ಹಳೆಯ ಪುಟದಲ್ಲಿ 'ಒಂದು ಮೂಟೆ' ಎಂದರೆ 23 ಕಿ.ಗ್ರಾಂ. ಸಾರಜನಕ; ಇಂದಿನ ಮೂಟೆಯಲ್ಲಿ ಇರುವುದು 20.7 ಕಿ.ಗ್ರಾಂ. ಮಾತ್ರ.

3. ಸ್ಥಳ ಮತ್ತು ಕಾಲ: ನಾಲೆಯ ಮೇಲ್ಭಾಗದ ರೈತನಿಗೆ ಹೊಂದುವ ತಳಿ ಮದ್ದೂರು, ಮಳವಳ್ಳಿಯ ಕೊನೆ ಭಾಗಕ್ಕೆ ಹೊಂದಬೇಕೆಂದಿಲ್ಲ. ನೀರು ತಡವಾಗಿ ಬಂದ ವರ್ಷ ದೀರ್ಘಾವಧಿ ಭತ್ತ ನಾಟಿ ಮಾಡಿದರೆ ಹೂ ಬಿಡುವ ಕಾಲ ಚಳಿಗೆ ಸಿಕ್ಕಿ ಜೊಳ್ಳು ಹೆಚ್ಚುತ್ತದೆ. ತಳಿಯ ಹೆಸರು, ಇಳುವರಿಗಳನ್ನು ಮಾತ್ರ ಬರೆದು ಅವಧಿಯನ್ನೂ ನಾಟಿಯ ಕಾಲವನ್ನೂ ಬಿಟ್ಟ ಪುಟ ಅರ್ಧ ಪುಟವೇ ಸರಿ.

ಹೊಸದಾಗಿ ಕಟ್ಟುವಾಗ

ಮೊದಲು ಬಣ್ಣ, ಚಿತ್ರಗಳ ಯೋಚನೆ ಬೇಡ. ಇರುವ ಪುಟಗಳನ್ನೆಲ್ಲ ಪಟ್ಟಿ ಮಾಡಿ ಉಳಿಸುವುದು, ತಿದ್ದುವುದು, ದಾಖಲೆಗೆಂದು ಬೇರೆಡೆ ಇಡುವುದು, ತೆಗೆದುಹಾಕುವುದು ಎಂದು ನಾಲ್ಕು ಭಾಗ ಮಾಡಬೇಕು. ಈ ಕೆಲಸವನ್ನು ಆಯಾ ಬೆಳೆಯ ವಿಜ್ಞಾನಿಯೇ ಮಾಡತಕ್ಕದ್ದು. ಕಂಪ್ಯೂಟರ್ ಬಲ್ಲವರಿಗಷ್ಟೇ ಬಿಡಬಾರದು.

ಎರಡನೆಯದು ಕನ್ನಡದ ಅಕ್ಷರ. ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಸಿದ್ಧಪಡಿಸಿದ ಪುಟಗಳು ಆ ಫಾಂಟು ಇಲ್ಲದ ಮೊಬೈಲಿನಲ್ಲಿ ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತವೆ. ಇವನ್ನು ಯೂನಿಕೋಡ್‌ಗೆ ಪರಿವರ್ತಿಸಬೇಕು. ಪರಿವರ್ತನೆಯಲ್ಲಿ ಒತ್ತಕ್ಷರ, ಅರ್ಕಾವತ್ತುಗಳು ಕೆಡುವುದುಂಟು. ಪ್ರತಿಯೊಂದು ಪುಟವನ್ನೂ, ಮುಖ್ಯವಾಗಿ ಅಂಕಿಗಳನ್ನು, ಮೂಲದೊಡನೆ ತಾಳೆ ನೋಡಬೇಕು. ಔಷಧಿಯ ಪ್ರಮಾಣದಲ್ಲಿ ಒಂದು ಬಿಂದು ತಪ್ಪಿದರೆ ಬೆಳೆಯೇ ಸುಡಬಹುದು.

ಮೂರನೆಯದು ಎಕರೆಯ ಲೆಕ್ಕ. ಸಂಶೋಧನಾ ವರದಿಗಳು ಹೆಕ್ಟೇರಿನಲ್ಲಿರುತ್ತವೆ. ನಿಮ್ಮ ಲೆಕ್ಕ ಎಕರೆ, ಗುಂಟೆಗಳಲ್ಲಿ. ಹೆಕ್ಟೇರಿಗೆ 100 ಕಿ.ಗ್ರಾಂ. ಸಾರಜನಕ ಎಂದರೆ ಎಕರೆಗೆ ಸುಮಾರು 40 ಕಿ.ಗ್ರಾಂ. ಎಲ್ಲವನ್ನೂ ಯೂರಿಯಾದಿಂದಲೇ ಕೊಡುವುದಾದರೆ 87 ಕಿ.ಗ್ರಾಂ., ಅಂದರೆ ಇಂದಿನ ಎರಡು ಮೂಟೆಗೆ ತುಸು ಕಡಿಮೆ. ಹೆಕ್ಟೇರಿನ ಅಂಕಿಯನ್ನು ಎಕರೆಯದೆಂದು ತಿಳಿದರೆ ಐದು ಮೂಟೆಯ ಹತ್ತಿರ ಬೀಳುತ್ತದೆ. ಹಣವೂ ಹೋಗಿ, ಪೈರು ಸೊಕ್ಕಿ ಮಲಗಿ, ಬೆಂಕಿ ರೋಗಕ್ಕೂ ಎಡೆಯಾಗುತ್ತದೆ.

ಪ್ರತಿ ಶಿಫಾರಸಿನ ಪುಟದಲ್ಲಿ ಬೆಳೆ, ಹಂಗಾಮು, ವಲಯ, ತಳಿಯ ಅವಧಿ, ಎಕರೆಗೆ ಪ್ರಮಾಣ, ಶಿಫಾರಸಾದ ವರ್ಷ, ಪುಟವನ್ನು ಕೊನೆಯ ಬಾರಿ ಪರಿಶೀಲಿಸಿದ ದಿನಾಂಕ ಇರಲೇಬೇಕು. ಸರ್ಕಾರಿ ಜಾಲತಾಣಗಳಿಗಾಗಿ 2009ರಲ್ಲಿ ಹೊರಟು 2023ರಲ್ಲಿ ಮೂರನೆಯ ಆವೃತ್ತಿ ಕಂಡ ಕೇಂದ್ರದ ಮಾರ್ಗಸೂಚಿಯೂ ಪುಟಗಳಲ್ಲಿ ದಿನಾಂಕ ಕಾಣಬೇಕೆನ್ನುತ್ತದೆ.

ನಿರ್ವಹಣೆ

ನಾಲೆ ತೋಡಿದ ಮಾತ್ರಕ್ಕೆ ನೀರು ಕೊನೆಗೆ ಮುಟ್ಟುವುದಿಲ್ಲ. ಆಗಾಗ ಹೂಳು ತೆಗೆಯಬೇಕು. ಜಾಲತಾಣದ ಮಾತೂ ಅಷ್ಟೆ. ಮುಂಗಾರು, ಹಿಂಗಾರು ಮತ್ತು ಬೇಸಿಗೆ ಹಂಗಾಮುಗಳಿಗೆ ಒಂದು ತಿಂಗಳು ಮುಂಚೆ ಆಯಾ ಬೆಳೆಗಳ ಪುಟಗಳನ್ನು ಓದಿ ತಿದ್ದಬೇಕು. ನಿಷೇಧದ ಆದೇಶ ಬಂದರೆ ಹಂಗಾಮಿಗೆ ಕಾಯದೆ ಆ ವಾರವೇ ತಿದ್ದಬೇಕು. ಇದರ ಹೊಣೆ ವ್ಯಕ್ತಿಗಲ್ಲ, ಹುದ್ದೆಗೆ ಸೇರಿರಬೇಕು. ವ್ಯಕ್ತಿ ವರ್ಗವಾದರೂ ಕೆಲಸ ನಿಲ್ಲಬಾರದು.

ಯೋಜನೆಯ ಅನುದಾನ ಮುಗಿದರೆ ಅದರ ಪ್ರತ್ಯೇಕ ಜಾಲತಾಣವೂ ಅನಾಥವಾಗುತ್ತದೆ. ವಿಳಾಸದ ವಾರ್ಷಿಕ ಶುಲ್ಕ ಕಟ್ಟದಿದ್ದರೆ ಅದೇ ವಿಳಾಸವನ್ನು ಬೇರೆಯವರು ಕೊಂಡು ಜಾಹೀರಾತು ಹಾಕಬಹುದು. ಆದುದರಿಂದ ಇಂತಹ ಪುಟಗಳು ವಿಶ್ವವಿದ್ಯಾನಿಲಯದ ಅಥವಾ ಸರ್ಕಾರದ ಸ್ಥಿರ ವಿಳಾಸದಡಿ ಇರುವುದು ಲೇಸು. ಎಲ್ಲ ಪುಟಗಳ ಪ್ರತಿಯೊಂದನ್ನು ಬೇರೆಡೆ ಕಾಪಾಡಿಡುವುದೂ ಅವಶ್ಯ.

ನೀವು ಮಾಡಬೇಕಾದುದು

ಶಿಫಾರಸು ಅನುಸರಿಸುವ ಮುನ್ನ ಈ ನಾಲ್ಕನ್ನು ನೋಡಿರಿ:

1. ಪುಟದಲ್ಲಿ ದಿನಾಂಕ ಇದೆಯೇ?
2. ಅದು ನಮ್ಮ ದಕ್ಷಿಣ ಒಣ ವಲಯಕ್ಕೆ, ನಿಮ್ಮ ನೀರಿನ ಸಮಯಕ್ಕೆ ಹೊಂದುವುದೇ?
3. ಪ್ರಮಾಣ ಎಕರೆಗೋ ಹೆಕ್ಟೇರಿಗೋ?
4. ಔಷಧಿ ಈಗ ಬಳಕೆಯಲ್ಲಿದೆಯೇ?

ಒಂದಕ್ಕಾದರೂ ಉತ್ತರ ದೊರೆಯದಿದ್ದರೆ ಅಂಗಡಿಗೆ ಹೋಗುವ ಮೊದಲು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿರಿ, ಇಲ್ಲವೆ ಕಿಸಾನ್ ಕಾಲ್ ಸೆಂಟರಿನ 1800-180-1551ಕ್ಕೆ ಉಚಿತವಾಗಿ ಕರೆ ಮಾಡಿರಿ. ತಪ್ಪು ಕಂಡರೆ ಸುಮ್ಮನಿರಬೇಡಿ. ಪುಟದ ಹೆಸರು ಬರೆದು ಸಂಬಂಧಪಟ್ಟ ಕೇಂದ್ರಕ್ಕೆ ತಿಳಿಸಿರಿ. ಮಳವಳ್ಳಿಯ ಆ ರೈತರು ಚೀಟಿಯನ್ನು ಮೊದಲು ನಮ್ಮಲ್ಲಿಗೆ ತಂದುದರಿಂದ ಅವರ ಸಸಿಮಡಿಗೆ ನಿಷೇಧಿತ ವಿಷ ಬೀಳಲಿಲ್ಲ. ಹೊಲದಿಂದ ಬರುವ ಇಂತಹ ಒಂದೊಂದು ಚೀಟಿಯೂ ಜಾಲತಾಣವನ್ನು ಸರಿಯಾಗಿಡಲು ನೆರವಾಗುತ್ತದೆ.