ತೊಂಬತ್ತರ ಅಜ್ಜಿಗೂ ಯುಡಿಐಡಿ ಕಾರ್ಡ್ ಸಿಗುತ್ತದೆ

ಕಿವಿ ಕೇಳಿಸದಾದರೆ, ಕಾಲು ಸೋತು ಹಾಸಿಗೆ ಹಿಡಿದರೆ 'ವಯಸ್ಸಾಯ್ತಲ್ಲ, ಇನ್ನೇನು' ಎನ್ನುತ್ತಾರೆ ಮನೆಯವರು. ಹಿರಿಯರೂ ಅದನ್ನೇ ನಂಬಿ ಸುಮ್ಮನಾಗುತ್ತಾರೆ. ಆದರೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ವಯಸ್ಸಿನ ಮಿತಿಯೇ ಇಲ್ಲ. ಹಾಗಾಗಿ ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಹಿರಿಯರಿಗೂ ಸಿಗುತ್ತದೆ. ಕಾಯ್ದೆ ಹೆಸರಿಸುವ 21 ಬಗೆಯ ವೈಕಲ್ಯಗಳಲ್ಲಿ ಪಾರ್ಕಿನ್ಸನ್ ಕಾಯಿಲೆ, ಶ್ರವಣದೋಷ, ದೃಷ್ಟಿಮಾಂದ್ಯ ಎಲ್ಲವೂ ಇವೆ. ಲಕ್ವ ಹೊಡೆದು ಕೈಕಾಲಿನ ಸ್ವಾಧೀನ ತಪ್ಪಿದ್ದರೆ ಅದು ಚಲನವೈಕಲ್ಯದಡಿ ಬರುತ್ತದೆ. ಪೊರೆ ಬಂದ ಕಣ್ಣಿಗೆ ಮಾತ್ರ ಮೊದಲು ಶಸ್ತ್ರಚಿಕಿತ್ಸೆ ಮಾಡಿಸಿ. ದೃಷ್ಟಿ ಮರಳುವಾಗ ಕಾರ್ಡ್ ಯಾಕೆ?

ಈ ಕಾರ್ಡಿಗೆ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಆಧಾರ್, ಫೋಟೊ, ವಿಳಾಸದ ದಾಖಲೆ ಸಹಿತ ಅರ್ಜಿ ಹಾಕಬೇಕು. ಆಮೇಲೆ ಸರ್ಕಾರಿ ಆಸ್ಪತ್ರೆಯಲ್ಲಿ ವೈದ್ಯಕೀಯ ತಪಾಸಣೆ. ಹಳ್ಳಿಯಲ್ಲಿ ಇದಕ್ಕೆ ನೆರವಾಗುವವರು ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು, ಜನ 'ವಿಆರ್‌ಡಬ್ಲ್ಯು' ಎನ್ನುವವರು. ಪ್ರಮಾಣಪತ್ರದ ತೀರ್ಮಾನ ಸರಿಯಿಲ್ಲ ಅನಿಸಿದರೆ ಮೇಲ್ಮನವಿಗೆ ಅವಕಾಶವಿದೆ. ವೈಕಲ್ಯ ಕನಿಷ್ಠ ಶೇಕಡಾ 40ರಷ್ಟಿದ್ದರೆ ಬಹುತೇಕ ಸೌಲಭ್ಯಗಳ ಬಾಗಿಲು ತೆರೆಯುತ್ತದೆ. ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರೂ ಸಿಗುತ್ತಾರೆ. ಆದಾಯ ಎಷ್ಟು ಎಂದು ಕೇಳುವಂತಿಲ್ಲ.

ವಯಸ್ಸಿನ ಆಧಾರದಲ್ಲೇ ಸಿಗುವ ಸೌಲಭ್ಯಗಳೂ ಇವೆ. ಬ್ಯಾಂಕಿಗೆ ಹೋಗಲಾಗದ 70 ದಾಟಿದವರಿಗೆ ಮನೆಬಾಗಿಲಲ್ಲೇ ಸೇವೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2017ರಲ್ಲೇ ಹೇಳಿದೆ. 85 ದಾಟಿದವರು 12ಡಿ ನಮೂನೆ ಕೊಟ್ಟು ಮನೆಯಿಂದಲೇ ಮತ ಹಾಕಬಹುದು.

ಮಕ್ಕಳೇ ನೋಡಿಕೊಳ್ಳದಿದ್ದರೆ? 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯಡಿ ಉಪವಿಭಾಗಾಧಿಕಾರಿಯ, ಅಂದರೆ ಎ.ಸಿ.ಯವರ ನ್ಯಾಯಮಂಡಳಿಗೆ ಅರ್ಜಿ ಕೊಡಿ. ಎದ್ದು ಹೋಗಲಾಗದವರು ಬೇರೊಬ್ಬರಿಗೆ ಅಥವಾ ಸಂಸ್ಥೆಗೆ ಅಧಿಕಾರ ಕೊಟ್ಟು ಅರ್ಜಿ ಹಾಕಿಸಬಹುದು. ನ್ಯಾಯಮಂಡಳಿ ತಾನಾಗಿಯೂ ಪ್ರಕರಣ ಕೈಗೆತ್ತಿಕೊಳ್ಳಬಹುದು. ಮಕ್ಕಳಿಲ್ಲದವರ ಹೊಣೆ ಆಸ್ತಿಗೆ ವಾರಸುದಾರರಾಗುವ ಸಂಬಂಧಿಕರದ್ದು. ನೋಟಿಸ್ ಜಾರಿಯಾದ 90 ದಿನಗಳೊಳಗೆ ಜೀವನಾಂಶದ ತೀರ್ಮಾನವಾಗಬೇಕು. ವಿಶೇಷ ಸಂದರ್ಭದಲ್ಲಿ ಇನ್ನೂ 30 ದಿನ. ಗರಿಷ್ಠ ಮೊತ್ತ ತಿಂಗಳಿಗೆ 10,000 ರೂಪಾಯಿ. ಲಕ್ವ ಹೊಡೆದವರ ಆರೈಕೆಗೆ ಇದು ಎಲ್ಲಿ ಸಾಲುತ್ತದೆ? ಈ ಮಿತಿಯನ್ನು ಏರಿಸಲೇಬೇಕು.

ದಾನಪತ್ರದ ವಿಷಯದಲ್ಲಂತೂ ತುಂಬ ಎಚ್ಚರವಿರಲಿ. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಆಸ್ತಿ ಪಡೆದವರು ಮಾತು ತಪ್ಪಿದರೆ ಇದೇ 2007ರ ಕಾಯ್ದೆಯ 23ನೇ ಕಲಮಿನಡಿ ಅದನ್ನು ರದ್ದುಪಡಿಸಬಹುದು. ಪತ್ರದಲ್ಲಿ ಷರತ್ತೇ ಇಲ್ಲದಿದ್ದರೆ ಹೋರಾಟ ಕಠಿಣವಾಗುತ್ತದೆ. ಆದ್ದರಿಂದ ಊಟ, ಔಷಧಿ, ಆರೈಕೆಯ ಹೊಣೆಯನ್ನು ನೋಂದಣಿಗೆ ಮೊದಲೇ ಬರೆಸಿ, ಓದಿಸಿ ಕೇಳಿ, ಆಮೇಲೆ ಹೆಬ್ಬೆಟ್ಟು ಒತ್ತಿ. ಯಾವುದೇ ಹಂತದಲ್ಲಿ ದಾರಿ ತೋಚದಿದ್ದರೆ ಹಿರಿಯರ ಸಹಾಯವಾಣಿ 14567ಕ್ಕೆ ಉಚಿತವಾಗಿ ಕರೆ ಮಾಡಬಹುದು.